ಮಿಂಟಿನಿಂದ ನೇರವಾಗಿ ಕೊಳ್ಳುವ ಚಿನ್ನದ ನಾಣ್ಯ: ಮೇಲೆ ಕೊಟ್ಟ ದುಡ್ಡು ವಾಪಸ್ ಬರುತ್ತಾ?

ಬೆಣ್ಣೆದೋಸೆ (ಡಲ್ಲಾಸ್)

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಡಲ್ಲಾಸ್‌ನಲ್ಲಿ. ಅಕ್ಷಯ ತೃತೀಯಕ್ಕೆ ಒಂಚೂರಾದರೂ ಚಿನ್ನ ಕೊಳ್ಳುವುದು ನಮ್ಮ ಮನೆಯಲ್ಲಿ ಮೊದಲಿಂದ ಬಂದ ರೂಢಿ. ಇಲ್ಲಿ ಒಡವೆ ಹಾಕಿಕೊಂಡು ಹೋಗುವ ಸಂದರ್ಭಗಳೇ ಕಡಿಮೆ. ಹಾಗಾಗಿ ನಾಣ್ಯದ ಕಡೆ ಮನಸ್ಸು ಹೋಗಿದೆ. ಕಾಸ್ಟ್ಕೋದಲ್ಲಿ ಸಿಗುವ ಒಂದು ಔನ್ಸಿನ ಬಿಸ್ಕೆಟ್ ಸಾಕಲ್ವಾ ಅಂತಾರೆ ನಮ್ಮ ಯಜಮಾನರು. ನನಗೆ ಬಿಸ್ಕೆಟ್ ನೋಡಿದರೆ ಏನೂ ಅನ್ನಿಸುವುದಿಲ್ಲ. ಯುಎಸ್ ಮಿಂಟಿನ (ಇಲ್ಲಿನ ಸರ್ಕಾರಿ ಟಂಕಸಾಲೆ) ನಾಣ್ಯಗಳು ತುಂಬಾ ಚೆಂದ ಇವೆ. ಜೊತೆಗೆ ಡಬ್ಬಿ, ಪ್ರಮಾಣಪತ್ರ ಎಲ್ಲ ಬರುತ್ತದೆ. ಆದರೆ ಬೆಲೆ ಚಿನ್ನದ ದರಕ್ಕಿಂತ ಸಿಕ್ಕಾಪಟ್ಟೆ ಜಾಸ್ತಿ.

ಕೇಳಬೇಕಾದ್ದು ಎರಡು. ಆ ಜಾಸ್ತಿ ಕೊಟ್ಟ ದುಡ್ಡು ಮುಂದೆ ಮಾರುವಾಗ ಬರುತ್ತಾ? ಒಂದೆರಡು ನಾಣ್ಯ ಅಮ್ಮನಿಗೆ ಅಂತ ಊರಿಗೆ ತೆಗೆದುಕೊಂಡು ಹೋದರೆ ತೊಂದರೆ ಇದೆಯಾ?

ಅರೆಪಾವು (ಫಿಲಡೆಲ್ಫಿಯಾ)

ಬೆಣ್ಣೆದೋಸೆ ಮೇಡಂ, ಮೊದಲು ಒಂದು ವಿಷಯ ಗೊತ್ತಿರಲಿ. ಎಲ್ಲರೂ ಮಾತಾಡುವ ಸಾದಾ ಗೋಲ್ಡ್ ಈಗಲ್ (ಮಿಂಟಿನ ಚಿನ್ನದ ನಾಣ್ಯ) ಇದೆಯಲ್ಲ, ಬರೀ ಚಿನ್ನದ ಬೆಲೆಗಿಂತ ಸ್ವಲ್ಪವೇ ಜಾಸ್ತಿಗೆ ಸಿಗುವುದು, ಅದನ್ನು ಮಿಂಟ್ ನಮಗೆ ಮಾರುವುದೇ ಇಲ್ಲ. ಅದು ಕೆಲವು ದೊಡ್ಡ ಸಗಟು ವ್ಯಾಪಾರಿಗಳಿಗೆ ಹೋಗಿ, ಅಲ್ಲಿಂದ ಅಂಗಡಿಗೆ ಬರುತ್ತದೆ. ನಮಗೆ ನೇರವಾಗಿ ಸಿಗುವುದು ಸಂಗ್ರಹಕಾರರಿಗೆ ಅಂತಲೇ ಮಾಡಿದ, ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯ, ಸಾದಾ ಹೊಳಪಿನ ಅನ್‌ಸರ್ಕ್ಯುಲೇಟೆಡ್ ನಾಣ್ಯ, ಸ್ಮರಣಾರ್ಥ ನಾಣ್ಯ. ಬಹುಪಾಲು ವೆಸ್ಟ್ ಪಾಯಿಂಟಿನ ಟಂಕಸಾಲೆಯಲ್ಲಿ ಅಚ್ಚಾಗುತ್ತವೆ, 'ಡಬ್ಲ್ಯೂ' ಗುರುತು ಇರುತ್ತದೆ.

ಇವುಗಳ ಬೆಲೆ ಚಿನ್ನದ ದರದ ಜೊತೆ ಏರಿಳಿಯುತ್ತದೆ. ಲಂಡನ್ ಮಾರುಕಟ್ಟೆಯ ಸರಾಸರಿ ದರ ಇಷ್ಟರಿಂದ ಇಷ್ಟರೊಳಗೆ ಇದ್ದರೆ ನಾಣ್ಯಕ್ಕೆ ಇಷ್ಟು ಅಂತ ಒಂದು ಪಟ್ಟಿಯನ್ನೇ ಮಿಂಟ್ ಹಾಕಿರುತ್ತದೆ. ಅಂದರೆ ಚಿನ್ನ ಇಳಿದಾಗ ಕೊಂಡರೂ ಏರಿದಾಗ ಕೊಂಡರೂ, ಮೇಲಿನ ದುಡ್ಡು ತಪ್ಪಿದ್ದಲ್ಲ.

ಕಾಯಿದೆ ಪ್ರಕಾರ ಹೊರಡಿಸುವ 5 ಡಾಲರಿನ ಸ್ಮರಣಾರ್ಥ ಚಿನ್ನದ ನಾಣ್ಯವಾದರೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಪ್ರತಿ ನಾಣ್ಯಕ್ಕೆ 35 ಡಾಲರ್ ಯಾವುದೋ ಸಂಸ್ಥೆಗೆ ದೇಣಿಗೆ. ಬೇಸ್‌ಬಾಲ್ ನಾಣ್ಯವಾದರೆ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ, ಸ್ತನ ಕ್ಯಾನ್ಸರ್ ಜಾಗೃತಿಯ ನಾಣ್ಯವಾದರೆ ಅದರ ಸಂಶೋಧನೆಗೆ. ಒಳ್ಳೆಯ ಕೆಲಸವೇ. ಆದರೆ ಮುಂದೆ ನಿಮ್ಮಿಂದ ಕೊಳ್ಳುವವನು ಆ 35 ಡಾಲರ್ ನಿಮಗೆ ಕೊಡುವುದಿಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಸಾಮಾನ್ಯವಾಗಿ ಬರುವುದಿಲ್ಲ.

ಚಿಲ್ಲರೆ_ಅಂಗಡಿ (ನ್ಯೂಜೆರ್ಸಿ)

ಅರೆಪಾವು ಸರ್ ಯಾವಾಗಲೂ ಹೀಗೇ ತಣ್ಣೀರು ಎರಚುವುದು 😄

2020ರ ನವೆಂಬರಿನ ವಿ75 ಈಗಲ್ ನೆನಪಿಲ್ಲವಾ? ಎರಡನೇ ಮಹಾಯುದ್ಧ ಮುಗಿದು 75 ವರ್ಷ ಆಯಿತು ಅಂತ ಪುಟ್ಟ ಗುರುತು ಹಾಕಿ ತಂದಿದ್ದು. ಚಿನ್ನದ್ದು ಮಾಡಿದ್ದು ಬರೀ 1,945. ಕೆಲವೇ ನಿಮಿಷದಲ್ಲಿ ಖಾಲಿ. ಸಿಕ್ಕವರು ಕೊಟ್ಟದ್ದಕ್ಕಿಂತ ಹಲವು ಪಟ್ಟು ಬೆಲೆಗೆ ಮಾರಿದರು. 2014ರ ಬೇಸ್‌ಬಾಲ್ ನಾಣ್ಯ, ತಟ್ಟೆಯ ಹಾಗೆ ಒಳಗೆ ಬಾಗಿದ್ದು, ಚಿನ್ನದ್ದು 50 ಸಾವಿರ ಅಂತ ಮಿತಿ ಇಟ್ಟಿದ್ದರು. ಅದೂ ಬೇಗನೆ ಖಾಲಿ. 2016ರಲ್ಲಿ ಬಂದ ಚಿನ್ನದ ಮರ್ಕ್ಯುರಿ ಡೈಮ್ (ಹಳೇ 10 ಸೆಂಟ್ ನಾಣ್ಯದ ಚಿನ್ನದ ರೂಪ) 1,25,000 ಇದ್ದರೂ ಒಂದು ಗಂಟೆ ನಿಲ್ಲಲಿಲ್ಲ.

ಅಂದರೆ ಕಡಿಮೆ ಸಂಖ್ಯೆ ಇರುವುದನ್ನು ಹಿಡಿಯಬೇಕು. ಮಾರಾಟ ಶುರುವಾಗುವ ಹೊತ್ತಿಗೆ ಲಾಗಿನ್ ಆಗಿ ಕಾಯಬೇಕು, ಅಷ್ಟೇ. ಇದರಲ್ಲಿ ದುಡ್ಡಿದೆ.

ಅರೆಪಾವು (ಫಿಲಡೆಲ್ಫಿಯಾ)

> ಕಡಿಮೆ ಸಂಖ್ಯೆ ಇರುವುದನ್ನು ಹಿಡಿಯಬೇಕು

ಇದೊಂದು ಮಾತು ನಂಬಿ ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ. ಫಸ್ಟ್ ಸ್ಪೌಸ್ ಸರಣಿಯ ಕತೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

2007ರಲ್ಲಿ ಮಿಂಟ್ ಅಮೆರಿಕದ ಅಧ್ಯಕ್ಷರ ಪತ್ನಿಯರ ಹೆಸರಿನಲ್ಲಿ ನಾಣ್ಯ ತರಲು ಶುರುಮಾಡಿತು. ಅರ್ಧ ಔನ್ಸ್, 24 ಕ್ಯಾರಟ್, ಮುಖಬೆಲೆ 10 ಡಾಲರ್. ಮೊದಲಿನ ಎರಡು ಮಾರ್ಥಾ ವಾಷಿಂಗ್ಟನ್ ಮತ್ತು ಅಬಿಗೇಲ್ ಆಡಮ್ಸ್. ತಲಾ 40 ಸಾವಿರ ಮಿತಿ. ಕೆಲವೇ ಗಂಟೆಗಳಲ್ಲಿ ಎಲ್ಲ ಖಾಲಿಯಾಯಿತು. ಮೂರನೆಯದು ಜೆಫರ್ಸನ್ ಕಾಲದ್ದು. ಆತ ಅಧ್ಯಕ್ಷನಾಗುವ ಹೊತ್ತಿಗೆ ಹೆಂಡತಿ ಇರಲಿಲ್ಲ, ಅದಕ್ಕೆ ಆ ಕಾಲದ ಹಳೇ ನಾಣ್ಯದ ಲಿಬರ್ಟಿ ಚಿತ್ರ ಹಾಕಿದರು. ಅದೂ ಖಾಲಿ. ಜನ ಮುಗಿಬಿದ್ದಿದ್ದು ಸಂಗ್ರಹದ ಪ್ರೀತಿಯಿಂದ ಅಲ್ಲ. ನಾಳೆ ಮಾರಿದರೆ ದುಪ್ಪಟ್ಟು ಸಿಗುತ್ತದೆ ಅಂತ.

ಆಮೇಲೆ? ಅಬ್ಬರ ಇಳಿಯಿತು. ವರ್ಷಕ್ಕೆ ನಾಲ್ಕರಂತೆ ನಾಣ್ಯ ಬರುತ್ತಲೇ ಇತ್ತು, ಚಿನ್ನದ ಬೆಲೆ ಏರುತ್ತಲೇ ಇತ್ತು. ಪೂರ್ತಿ ಸರಣಿ ಅಂದರೆ ನಲವತ್ತರ ಆಸುಪಾಸು ನಾಣ್ಯ. ಅರ್ಧ ಔನ್ಸಿನ ಲೆಕ್ಕದಲ್ಲಿ 20 ಔನ್ಸ್ ಚಿನ್ನ! ಸಾಮಾನ್ಯ ಸಂಬಳದವನು ಇದನ್ನು ಪೂರ್ತಿ ಮಾಡುತ್ತಾನಾ? ಒಬ್ಬೊಬ್ಬರೇ ಬಿಟ್ಟು ಹೊರಟರು. ಕೆಲವು ನಾಣ್ಯಗಳ ಅನ್‌ಸರ್ಕ್ಯುಲೇಟೆಡ್ ರೂಪ ಎರಡು ಮೂರು ಸಾವಿರಕ್ಕೇ ನಿಂತುಹೋಯಿತು. ವಿ75ರ ಸಂಖ್ಯೆಗೆ ಹತ್ತಿರವೇ ಅಲ್ವಾ? ಬೆಲೆ ಮಾತ್ರ ಹತ್ತಿರವೂ ಇಲ್ಲ. ಅವುಗಳಲ್ಲಿ ಬಹುಪಾಲು ಇವತ್ತಿಗೂ ಚಿನ್ನದ ಬೆಲೆಯ ಆಸುಪಾಸಿನಲ್ಲೇ ಕೈ ಬದಲಾಗುತ್ತವೆ.

ವಿ75 ಹಾಗಲ್ಲ. ಗೋಲ್ಡ್ ಈಗಲ್ 1986ರಿಂದ ಪ್ರತಿ ವರ್ಷ ಬರುತ್ತಿದೆ. ಅದನ್ನು ವರ್ಷವರ್ಷ ಕೂಡಿಸಿಕೊಂಡು ಬಂದವರು ಲೆಕ್ಕವಿಲ್ಲದಷ್ಟು ಜನ. ಅವರಿಗೆಲ್ಲ ಒಮ್ಮೆಲೇ ಒಂದು ನಾಣ್ಯ ಬೇಕಾಯಿತು, ಇದ್ದದ್ದು 1,945. ಎಷ್ಟು ಮಾಡಿದ್ದಾರೆ ಅನ್ನುವುದು ಅರ್ಧ ಲೆಕ್ಕ. ಎಷ್ಟು ಜನಕ್ಕೆ ಬೇಕು ಅನ್ನುವುದು ಇನ್ನರ್ಧ. ಮಿಂಟ್ ನಿಮಗೆ ಹೇಳುವುದು ಮೊದಲಿನದ್ದು ಮಾತ್ರ.

ಬಾಗಿದ ನಾಣ್ಯದ ಮಾತೂ ಬಂತಲ್ಲ. 2019ರಲ್ಲಿ ಅಪೋಲೋ 11ಕ್ಕೆ 50 ವರ್ಷ ಅಂತ ಅದೇ ಬಾಗಿದ ಆಕಾರದಲ್ಲಿ ಮತ್ತೆ ತಂದರು. ಚಿನ್ನದ್ದಕ್ಕೆ ಅದೇ 50 ಸಾವಿರ ಮಿತಿ. ಚಂದ್ರನ ಮೇಲೆ ಕಾಲಿಟ್ಟ ವಿಷಯ, ಬೇಸ್‌ಬಾಲಿಗಿಂತ ದೊಡ್ಡದೇ. ಮಿತಿ ಮುಟ್ಟಲಿಲ್ಲ.

ಬೆಣ್ಣೆದೋಸೆ (ಡಲ್ಲಾಸ್)

ಸರ್, ಒಂದು ಅನುಮಾನ. 2007ರಲ್ಲಿ ಮಾರ್ಥಾ ವಾಷಿಂಗ್ಟನ್ ಎಷ್ಟಕ್ಕೆ ಕೊಟ್ಟಿದ್ದರು? ಚಿನ್ನ 2025ರ ಅಕ್ಟೋಬರಿನಲ್ಲಿ ಔನ್ಸಿಗೆ 4,000 ಡಾಲರ್ ದಾಟಿತಲ್ಲ. ಆವತ್ತು ಕೊಂಡವರಿಗೆ ಲಾಭವೇ ಆಗಿರಬೇಕಲ್ವಾ?

ಅರೆಪಾವು (ಫಿಲಡೆಲ್ಫಿಯಾ)

ಆಗಿದೆ, ಚೆನ್ನಾಗಿಯೇ ಆಗಿದೆ. ಪ್ರೂಫ್ ನಾಣ್ಯದ ಬೆಲೆ ಸುಮಾರು 430 ಡಾಲರ್ ಇತ್ತು. 4,000ದ ಲೆಕ್ಕದಲ್ಲಿ ಅರ್ಧ ಔನ್ಸಿಗೆ 2,000.

ಆದರೆ ಲಾಭ ತಂದಿದ್ದು ಮಾರ್ಥಾ ಅಲ್ಲ, ಚಿನ್ನ. ಆ ದಿನಗಳಲ್ಲಿ ಔನ್ಸಿನ ದರ 660 ಡಾಲರ್ ಆಸುಪಾಸು. ಅದೇ 430 ಡಾಲರಿಗೆ ಬರೀ ಚಿನ್ನ ಕೊಂಡಿದ್ದರೆ 0.65 ಔನ್ಸ್ ಬರುತ್ತಿತ್ತು. ಅದರ ಬೆಲೆ 2,600. ಆರುನೂರು ಡಾಲರ್ ವ್ಯತ್ಯಾಸ. ಇಷ್ಟು ವರ್ಷ ಆ ನಾಣ್ಯ ನೋಡಿ ಸಂತೋಷಪಟ್ಟಿದ್ದಕ್ಕೆ ಅದು ಖರ್ಚು ಅಂದುಕೊಂಡರೆ ನನ್ನ ತಕರಾರಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೇನೆ.

ಚಿಲ್ಲರೆ_ಅಂಗಡಿ (ನ್ಯೂಜೆರ್ಸಿ)

ಸರಿ, ಫಸ್ಟ್ ಸ್ಪೌಸ್ ಬಿಡಿ. ಅದು ಮಿಂಟಿನವರ ಅತಿಯಾಸೆ. 2014ರ ಕೆನಡಿ ನಾಣ್ಯಕ್ಕೆ (ಅಧ್ಯಕ್ಷ ಕೆನಡಿ ಮುಖದ ಅರ್ಧ ಡಾಲರಿಗೆ 50 ವರ್ಷ ಅಂತ ತಂದ ಚಿನ್ನದ್ದು) ಏನಂತೀರಿ? ಷಿಕಾಗೋ ಪಕ್ಕದ ರೋಸ್‌ಮಾಂಟ್ ನಾಣ್ಯ ಮೇಳದಲ್ಲಿ ಜನ ರಾತ್ರಿಯಿಡೀ ಸಾಲಿನಲ್ಲಿ ನಿಂತಿದ್ದರು. ಮೊದಲು ಕೊಂಡವರಿಗೆ ವ್ಯಾಪಾರಿಗಳು ಅಲ್ಲೇ ಸಾವಿರಗಟ್ಟಲೆ ಡಾಲರ್ ಕೊಟ್ಟರು.

ಅರೆಪಾವು (ಫಿಲಡೆಲ್ಫಿಯಾ)

ಕೊಟ್ಟರು, ಮೊದಲ ಕೆಲವರಿಗೆ. ನೂಕುನುಗ್ಗಲು ಎಷ್ಟಾಯಿತು ಅಂದರೆ ಸುರಕ್ಷತೆಯ ಕಾರಣ ಹೇಳಿ ಮೇಳದಲ್ಲಿ ಮಾರಾಟವನ್ನೇ ನಿಲ್ಲಿಸಬೇಕಾಯಿತು.

ಈ ಗಲಾಟೆಯಲ್ಲಿ ಎಲ್ಲರೂ ಮರೆತದ್ದು ಒಂದೇ: ಕೆನಡಿ ನಾಣ್ಯಕ್ಕೆ ಸಂಖ್ಯೆಯ ಮಿತಿಯೇ ಇರಲಿಲ್ಲ. ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ಅದೇ 1,240 ಡಾಲರಿಗೆ ಆರ್ಡರ್ ಮಾಡಬಹುದಿತ್ತು. ಮುಕ್ಕಾಲು ಔನ್ಸ್ ಚಿನ್ನ, 1964 ಮತ್ತು 2014 ಎರಡೂ ಇಸವಿ. ಕೊನೆಗೆ ಮಾರಾಟ 70 ಸಾವಿರ ದಾಟಿತು. ವ್ಯಾಪಾರಿಗಳು ಸಾವಿರಗಟ್ಟಲೆ ಕೊಟ್ಟಿದ್ದು ನಾಣ್ಯಕ್ಕಲ್ಲ, ಮೊದಲ ದಿನ ಮೇಳದಲ್ಲಿ ಕೊಂಡದ್ದು ಅನ್ನುವ ಲೇಬಲ್ಲಿಗೆ.

ಲೇಬಲ್ ವಿಷಯ ಬಂದದ್ದು ಒಳ್ಳೆಯದಾಯಿತು. ಪಿಸಿಜಿಎಸ್, ಎನ್‌ಜಿಸಿ ಅಂತ ಗ್ರೇಡಿಂಗ್ ಸಂಸ್ಥೆಗಳಿವೆ. ನಾಣ್ಯ ನೋಡಿ 70ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಮುಚ್ಚುತ್ತಾರೆ. ಹಳೇ ನಾಣ್ಯಗಳಿಗೆ ಇದು ನಿಜಕ್ಕೂ ಉಪಯೋಗ. ಆದರೆ ಮಿಂಟಿನಿಂದ ಈಗ ತಾನೇ ಬಂದ ಪ್ರೂಫ್ ನಾಣ್ಯಗಳಲ್ಲಿ ಬಹಳಷ್ಟು 69 ಅಥವಾ 70ಕ್ಕೇ ಬರುತ್ತವೆ. ಟಿವಿಯಲ್ಲಿ ಮಾರುವವರು 'ಫಸ್ಟ್ ಸ್ಟ್ರೈಕ್' ಅಂತ ಕೂಗುತ್ತಾರಲ್ಲ, ಅದು ಮೊದಲು ಅಚ್ಚಾದ ನಾಣ್ಯ ಅಂತ ಅಲ್ಲ. ಬಿಡುಗಡೆಯಾದ ಮೊದಲ 30 ದಿನದೊಳಗೆ ಬಂದದ್ದು ಅಂತ ಅಷ್ಟೇ. ಅದಕ್ಕೆ ದುಡ್ಡು ಕೊಡಬೇಡಿ.

ಶರಾವತಿ (ಲಂಡನ್)

ಇಲ್ಲಿ ಯುಎಸ್ ಮಿಂಟ್ ಮಾತೇ ಜಾಸ್ತಿ ಆಯಿತು, ನಮ್ಮ ಬ್ರಿಟನ್ನಿನ ರಾಯಲ್ ಮಿಂಟಿಗೂ ಸ್ವಲ್ಪ ಜಾಗ ಕೊಡಿ. ನಾನು ಸವರನ್ ಮಾತ್ರ ಕೂಡಿಸುವುದು. ನಮ್ಮ ಅಜ್ಜಿಯರು ಪವನು ಅನ್ನುತ್ತಿದ್ದರಲ್ಲ, ಅದೇ. 7.98 ಗ್ರಾಂ, 22 ಕ್ಯಾರಟ್. ಹಿಂಬದಿಯಲ್ಲಿ ಕುದುರೆ ಮೇಲಿನ ಸಂತ ಜಾರ್ಜ್. ಪಿಸ್ಟ್ರೂಚಿ ಅನ್ನುವ ಕೆತ್ತನೆಗಾರ 1817ರಲ್ಲಿ ಮಾಡಿದ ವಿನ್ಯಾಸ, ಇವತ್ತಿಗೂ ನಡೆಯುತ್ತಿದೆ. ಪ್ರತಿ ವರ್ಷದ್ದೂ ಒಂದೇ ಅಳತೆ, ಒಂದೇ ತೂಕ. ವಿಶೇಷ ವರ್ಷಗಳಲ್ಲಿ ಮಾತ್ರ ಹಿಂಬದಿ ಬದಲಾಗುತ್ತದೆ. ಇಲ್ಲಿ ಇದು ಕಾನೂನುಬದ್ಧ ಹಣ, ಹಾಗಾಗಿ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆಯೇ ಇಲ್ಲ. ಅಮೆರಿಕದವರು ಹೊಟ್ಟೆ ಉರಿದುಕೊಳ್ಳಬಹುದು 🙂

ನನ್ನ ಹತ್ತಿರ ಇರುವವುಗಳಲ್ಲಿ ಇಷ್ಟವಾದದ್ದು 'ಐ' (ಇಂಡಿಯಾ) ಗುರುತಿನದ್ದು. 1918ರಲ್ಲಿ ಯುದ್ಧದ ಕಾಲ, ಲಂಡನ್ನಿನಿಂದ ಚಿನ್ನ ಸಾಗಿಸುವುದು ಕಷ್ಟ ಅಂತ ಬಾಂಬೆಯಲ್ಲೇ ರಾಯಲ್ ಮಿಂಟ್ ಶಾಖೆ ತೆರೆದಿದ್ದರು. ಅದೊಂದೇ ವರ್ಷ ಸುಮಾರು 13 ಲಕ್ಷ ಸವರನ್ ಅಚ್ಚಾಯಿತು. ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಪುಟ್ಟ 'ಐ' ಇದೆ, ಭೂತಗನ್ನಡಿ ಬೇಕು ನೋಡಲು. ಆಮೇಲೆ 2013ರಲ್ಲಿ ಎಂಎಂಟಿಸಿ-ಪ್ಯಾಂಪ್ ಅನ್ನುವ ಚಿನ್ನ ಶುದ್ಧೀಕರಣ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಭಾರತದಲ್ಲಿ ಮತ್ತೆ ಅದೇ 'ಐ' ಗುರುತಿನ ಸವರನ್ ಮಾಡಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡಿದ್ದೇನೆ. ಒಂದರ ಮೇಲೆ ಐದನೇ ಜಾರ್ಜ್, ಇನ್ನೊಂದರ ಮೇಲೆ ಅವನ ಮೊಮ್ಮಗಳು ಎಲಿಜಬೆತ್.

ಕೋಲಾರದ_ಹುಡುಗ (ಬೆಂಗಳೂರು)

ಶರಾವತಿ ಅಕ್ಕ, ಆ ಜೋಡಿಯ ಫೋಟೋ ಹಾಕಿ ಪ್ಲೀಸ್.

ನಮ್ಮ ದೇಶದ ಮಿಂಟಿನಿಂದ ಹೀಗೆ ಚಿನ್ನದ ಸ್ಮರಣಾರ್ಥ ನಾಣ್ಯ ಕೊಳ್ಳಬಹುದಾ? ಕೋಲಾರದವನಾಗಿ ಕೇಳುತ್ತಿದ್ದೇನೆ. ಗಣಿ 2001ರಲ್ಲೇ ಮುಚ್ಚಿತು, ಚಿನ್ನದ ಹುಚ್ಚು ಮಾತ್ರ ಬಿಟ್ಟಿಲ್ಲ.

ಅಕ್ಕಸಾಲಿ_ಮನೆ (ಶಿವಮೊಗ್ಗ)

ನಮ್ಮ ಸರ್ಕಾರದ ಸ್ಮರಣಾರ್ಥ ನಾಣ್ಯಗಳು ಬಹುಪಾಲು ಬೆಳ್ಳಿ ಮಿಶ್ರಣದವು. 35 ಗ್ರಾಂ, 44 ಮಿಲಿಮೀಟರ್, ಅರ್ಧ ಬೆಳ್ಳಿ, 40 ಭಾಗ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. 2023ರಲ್ಲಿ ಹೊಸ ಸಂಸತ್ ಭವನಕ್ಕೆ ಬಂದ 75 ರೂಪಾಯಿ ನಾಣ್ಯ ಇದೇ ಥರದ್ದು. ಇವನ್ನು ಎಸ್‌ಪಿಎಂಸಿಐಎಲ್ (ನಾಣ್ಯ, ನೋಟು ಅಚ್ಚು ಹಾಕುವ ಸರ್ಕಾರಿ ಕಂಪನಿ) ಸೈಟಿನಲ್ಲಿ ಬುಕ್ ಮಾಡಿ ನೇರವಾಗಿ ಕೊಳ್ಳಬಹುದು. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ನಾಲ್ಕೂ ಟಂಕಸಾಲೆ ಅವರ ಕೆಳಗೇ ಬರುವುದು.

ಚಿನ್ನದ್ದು ಅಂದರೆ 2015ರ ನವೆಂಬರಿನಲ್ಲಿ ಪ್ರಧಾನಿ ಬಿಡುಗಡೆ ಮಾಡಿದ ಇಂಡಿಯನ್ ಗೋಲ್ಡ್ ಕಾಯಿನ್ ಇದೆ. ಒಂದು ಬದಿ ಅಶೋಕ ಚಕ್ರ, ಇನ್ನೊಂದು ಬದಿ ಗಾಂಧೀಜಿ. 5 ಮತ್ತು 10 ಗ್ರಾಂ, 24 ಕ್ಯಾರಟ್, ಹಾಲ್‌ಮಾರ್ಕ್ ಇರುತ್ತದೆ. ಆದರೆ ಮುಖಬೆಲೆ ಇಲ್ಲ. ಇಷ್ಟು ರೂಪಾಯಿ ಅಂತ ಬರೆದಿಲ್ಲದ್ದನ್ನು ನಾಣ್ಯ ಸಂಗ್ರಹಕಾರರು ನಾಣ್ಯ ಅಂತ ಒಪ್ಪುವುದಿಲ್ಲ. ಅವರ ಜಗಳ ಅವರಿಗೆ.

ಬೆಣ್ಣೆದೋಸೆ ಅಕ್ಕನಿಗೆ ಒಂದು ಮಾತು. ನಮ್ಮದು ಚಿನ್ನದ ಕೆಲಸದ ಮನೆ. ಫಾರಿನ್ ನಾಣ್ಯ ಇಲ್ಲಿಗೆ ತಂದು ಮಾರುತ್ತೇನೆ ಅಂದರೆ ಅಂಗಡಿಯವರು ಡಬ್ಬಿ, ಪ್ರಮಾಣಪತ್ರ ಯಾವುದನ್ನೂ ನೋಡುವುದಿಲ್ಲ. ಮೆಷಿನ್ನಿಗೆ ಇಟ್ಟು ಎಷ್ಟು ಕ್ಯಾರಟ್ ಅಂತ ನೋಡುತ್ತಾರೆ, ತೂಗುತ್ತಾರೆ, ಆವತ್ತಿನ ದರದಲ್ಲಿ ಒಂಚೂರು ಮುರಿದುಕೊಂಡು ಕೊಡುತ್ತಾರೆ. ನಿಮ್ಮ 5 ಡಾಲರ್ ನಾಣ್ಯ 8.359 ಗ್ರಾಂ, 90 ಭಾಗ ಚಿನ್ನ. ಅಂದರೆ ಶುದ್ಧ ಚಿನ್ನ ಏಳೂವರೆ ಗ್ರಾಂ. ಸವರನ್ನಿಗಿಂತ ಕೂದಲೆಳೆ ಜಾಸ್ತಿ. ಅಷ್ಟಕ್ಕೇ ದುಡ್ಡು.

ಇನ್ನೊಂದು. ಅಮ್ಮ ಅದಕ್ಕೆ ಕೊಕ್ಕೆ ಹಾಕಿಸಿ ಸರಕ್ಕೆ ಪೋಣಿಸಲು ಹೊರಟರೆ ತಡೆಯಿರಿ. ರಾಜನ ಮುಖದ ಹಳೇ ಪವನುಗಳು ಎಷ್ಟೋ ನಮ್ಮ ಅಂಗಡಿಗೆ ಬರುತ್ತವೆ, ಎಲ್ಲದಕ್ಕೂ ಕೊಕ್ಕೆ ಬೆಸುಗೆ ಹಾಕಿರುತ್ತಾರೆ. ಆ ಬೆಸುಗೆ ಬಿದ್ದ ದಿನವೇ ಸಂಗ್ರಹಕಾರನ ಬೆಲೆ ಹೋಯಿತು.

ಚಿಲ್ಲರೆ_ಅಂಗಡಿ (ನ್ಯೂಜೆರ್ಸಿ)

ಕಸ್ಟಮ್ಸ್ ವಿಷಯ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಭಾರತಕ್ಕೆ ಸುಂಕವಿಲ್ಲದೆ ತರಲು ಬಿಡುವುದು ಒಡವೆಗೆ ಮಾತ್ರ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದವರಾದರೆ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ. ನಾಣ್ಯ, ಬಿಸ್ಕೆಟ್ ಎರಡೂ ಇದರಲ್ಲಿ ಸೇರುವುದಿಲ್ಲ. ಕತ್ತಿನಲ್ಲಿ ಚಿನ್ನದ ಸರ ಇದ್ದರೂ ಪರ್ಸಿನಲ್ಲಿರುವ ಒಂದು ನಾಣ್ಯಕ್ಕೆ ಲೆಕ್ಕ ಬೇರೆ. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದ ಭಾರತೀಯ ಮೂಲದವರು ಸುಂಕ ಕಟ್ಟಿ ತರಬಹುದು, ಡಾಲರಿನಂಥ ವಿದೇಶಿ ಹಣದಲ್ಲೇ ಕಟ್ಟಬೇಕು. 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ 15ರಿಂದ 6 ಪರ್ಸೆಂಟಿಗೆ ಇಳಿಸಿದ್ದರು. ಇದು ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಆವತ್ತಿನ ದರ ನೋಡಿ. ರೆಡ್ ಚಾನೆಲ್ಲಿಗೆ (ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟುವವರ ಸಾಲು) ಹೋಗಿ ಬಿಲ್ ತೋರಿಸಿ. ಮಿಂಟಿನ ಬಿಲ್ ಇಟ್ಟುಕೊಂಡರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ತೆರಿಗೆಯಲ್ಲಿ ಅರೆಪಾವು ಸರ್ ಹೇಳುವುದಕ್ಕೆ ಮುಂಚೆ ನಾನೇ ಒಪ್ಪಿಕೊಂಡುಬಿಡುತ್ತೇನೆ: ಅಮೆರಿಕದಲ್ಲಿ ಚಿನ್ನದ ನಾಣ್ಯ 'ಕಲೆಕ್ಟಿಬಲ್' ಲೆಕ್ಕ. ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದರೂ ಲಾಭಕ್ಕೆ 28 ಪರ್ಸೆಂಟ್‌ವರೆಗೆ ಹೋಗುತ್ತದೆ. ಶೇರಿಗಿಂತ ಜಾಸ್ತಿ.

ಬೆಣ್ಣೆದೋಸೆ (ಡಲ್ಲಾಸ್)

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ನಾಣ್ಯ ಒಯ್ಯುವ ಯೋಚನೆ ಬಿಟ್ಟೆ. ಅಲ್ಲೇ ಒಂದು ಬಳೆ ಕೊಡಿಸುತ್ತೇನೆ, ಅವರಿಗೂ ಅದೇ ಇಷ್ಟ.

ಇನ್ನು ನನ್ನ ವಿಷಯ. ಅರೆಪಾವು ಸರ್, ಖರ್ಚು ಅಂತಲೇ ಇಟ್ಟುಕೊಂಡು, ಮಿಂಟಿನಿಂದ ಬಂದವುಗಳಲ್ಲಿ ಒಂದೇ ಒಂದು ಕೊಳ್ಳಿ ಅಂದರೆ ಯಾವುದು ಹೇಳುತ್ತೀರಿ? ಬಿಸ್ಕೆಟ್ ಬೇಕಾದರೆ ಯಜಮಾನರು ಕೊಳ್ಳಲಿ.

ಅರೆಪಾವು (ಫಿಲಡೆಲ್ಫಿಯಾ)

2009ರ ಅಲ್ಟ್ರಾ ಹೈ ರಿಲೀಫ್ ಡಬಲ್ ಈಗಲ್. ಯೋಚನೆಯೇ ಬೇಡ.

ಅಗಸ್ಟಸ್ ಸೇಂಟ್-ಗಾಡೆನ್ಸ್ ಅನ್ನುವ ಶಿಲ್ಪಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹೇಳಿದ್ದಕ್ಕೆ 20 ಡಾಲರ್ ನಾಣ್ಯ (ಅದೇ ಡಬಲ್ ಈಗಲ್) ವಿನ್ಯಾಸ ಮಾಡಿದ. ಕೈಯಲ್ಲಿ ದೀವಟಿಗೆ ಹಿಡಿದು ನಮ್ಮ ಕಡೆಗೇ ನಡೆದು ಬರುವ ಲಿಬರ್ಟಿ. ಶಿಲ್ಪ ಎಷ್ಟು ಮೇಲೆದ್ದು ನಿಂತಿತ್ತು ಅಂದರೆ 1907ರ ಯಂತ್ರಗಳಲ್ಲಿ ಒಂದೊಂದು ನಾಣ್ಯಕ್ಕೂ ಹಲವು ಸಲ ಒತ್ತಬೇಕಾಗುತ್ತಿತ್ತು. ಚಲಾವಣೆಗೆ ಅದು ಆಗುವ ಕೆಲಸವಲ್ಲ. ಕೆಲವನ್ನು ಮಾತ್ರ ಹಾಗೆ ಮಾಡಿ, ಉಳಿದದ್ದಕ್ಕೆ ಎತ್ತರ ತಗ್ಗಿಸಿದರು. ಸೇಂಟ್-ಗಾಡೆನ್ಸ್ ಅದೇ ವರ್ಷ ತೀರಿಕೊಂಡ. ನೂರು ವರ್ಷ ಕಳೆದ ಮೇಲೆ ಮಿಂಟ್ ಹಳೇ ಅಚ್ಚನ್ನು ಕಂಪ್ಯೂಟರಿಗೆ ಏರಿಸಿ, ಅವನು ಬಯಸಿದ ಎತ್ತರದಲ್ಲೇ ಮಾಡಿತು. ಒಂದು ಔನ್ಸ್ ಚಿನ್ನ, ಅಗಲ ಬರೀ 27 ಮಿಲಿಮೀಟರ್, ದಪ್ಪ 4 ಮಿಲಿಮೀಟರ್. ಕೈಗೆ ತೆಗೆದುಕೊಂಡರೆ ಗುಂಡಿಯ ಹಾಗಿದೆ. ಇಸವಿಯನ್ನು ರೋಮನ್ ಅಂಕಿಯಲ್ಲಿ ಹಾಕಿದ್ದಾರೆ. ಅದೊಂದೇ ವರ್ಷ ಮಾಡಿದ್ದು. ಬಿಡುಗಡೆಯ ಬೆಲೆ 1,189 ಡಾಲರ್ ಇತ್ತು, ಈಗ ಅದು ಕನಸು.

ಮಿಂಟಿನಲ್ಲಿ ಈಗ ಸಿಗುವುದಿಲ್ಲ, ವ್ಯಾಪಾರಿಯ ಹತ್ತಿರವೇ ಕೊಳ್ಳಬೇಕು. ಹಾಗಾಗಿ ನಕಲಿಯ ಭಯ ಬಂತು. ಮಿಂಟಿನಿಂದ ನೇರವಾಗಿ ಕೊಳ್ಳುವಾಗ ಈ ತಲೆನೋವು ಇಲ್ಲ, ನನ್ನ ಪ್ರಕಾರ ನಾವು ಮೇಲೆ ಕೊಡುವ ದುಡ್ಡಿಗೆ ನಿಜವಾಗಿ ಸಿಗುವುದು ಅದೇ. ಹೊರಗೆ ಕೊಳ್ಳುವಾಗ ಮಾತ್ರ ನಾನು ಸ್ಲ್ಯಾಬಿನಲ್ಲಿರುವುದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. 70 ಅಂಕಕ್ಕೆ ದುಡ್ಡು ಸುರಿಯಬೇಡಿ, 69 ಧಾರಾಳ ಸಾಕು. ಸ್ಲ್ಯಾಬಿನ ಮೇಲಿನ ನಂಬರನ್ನು ಆ ಗ್ರೇಡಿಂಗ್ ಸಂಸ್ಥೆಯ ಸೈಟಿನಲ್ಲಿ ಹಾಕಿ ಫೋಟೋ ಹೋಲಿಸಿ ನೋಡಿ.

ಅಷ್ಟು ದೊಡ್ಡದು ಬೇಡ ಅಂದರೆ ಮಿಂಟಿನಿಂದಲೇ ಹತ್ತನೇ ಒಂದು ಔನ್ಸಿನ ಪ್ರೂಫ್ ಈಗಲ್ ತೆಗೆದುಕೊಳ್ಳಿ. ಚಿಕ್ಕ ನಾಣ್ಯಕ್ಕೆ ಮೇಲಿನ ದುಡ್ಡಿನ ಪಾಲು ಜಾಸ್ತಿ, ಅದು ಗೊತ್ತಿರಲಿ.

ಬೆಣ್ಣೆದೋಸೆ (ಡಲ್ಲಾಸ್)

ಫೋಟೋ ನೋಡಿದೆ. ಇದು ಮೊದಲೇ ಕಣ್ಣಿಗೆ ಬಿದ್ದಿದ್ದರೆ ಪ್ರಶ್ನೆಯೇ ಕೇಳುತ್ತಿರಲಿಲ್ಲ! ದುಡ್ಡು ಕೂಡಿಸಬೇಕು, ಈ ವರ್ಷ ಚಿಕ್ಕ ಈಗಲ್ಲೇ ಗತಿ.

ಕೊನೆಯದು ಒಂದು. ನಗಬೇಡಿ. ಅಕ್ಷಯ ತೃತೀಯ ದಿನ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತೇವಲ್ಲ, ಪ್ರೂಫ್ ನಾಣ್ಯಕ್ಕೆ ಹಚ್ಚಬಹುದಾ?

ಅರೆಪಾವು (ಫಿಲಡೆಲ್ಫಿಯಾ)

ಅಯ್ಯೋ ಬೇಡ! ಪ್ರೂಫ್ ಮೈ ಕನ್ನಡಿಯ ಥರ ಇರುತ್ತದೆ, ಬೆರಳು ತಾಗಿದರೂ ಗುರುತು ಉಳಿಯುತ್ತದೆ. ಒರೆಸಿದರೆ ಇನ್ನೂ ಕೆಟ್ಟದು, ಗೀರು ಬೀಳುತ್ತದೆ.

ಅಕ್ಕಸಾಲಿ_ಮನೆ (ಶಿವಮೊಗ್ಗ)

ಹೊರಗಿನ ಡಬ್ಬಿಗೆ ಹಚ್ಚಿ ಅಕ್ಕ, ಒಳಗಿನ ಕ್ಯಾಪ್ಸೂಲ್ ತೆಗೆಯಲೇಬೇಡಿ. ಲಕ್ಷ್ಮಿ ಏನೂ ಅಂದುಕೊಳ್ಳುವುದಿಲ್ಲ. ನಾವು ಅಂಗಡಿಯಲ್ಲಿ ತಿಜೋರಿ ಬಾಗಿಲಿಗೇ ಹಚ್ಚುವುದು.

ಶರಾವತಿ (ಲಂಡನ್)

ಫೋಟೋ ಕೇಳಿದ ಕೋಲಾರದ ಹುಡುಗನಿಗೆ: ವಾರಾಂತ್ಯಕ್ಕೆ ಹಾಕುತ್ತೇನೆ. ಆ 'ಐ' ಅಕ್ಷರ ಫೋನಿನ ಕ್ಯಾಮೆರಾಗೆ ಸಿಗುತ್ತಿಲ್ಲ, ಮ್ಯಾಕ್ರೋ ಲೆನ್ಸ್ ಸಾಲ ತರಬೇಕು.